ಮನೆಯ ಸರ್ವರ್: ಸಂಪರ್ಕ ದೋಷಗಳು ಮತ್ತು ಅವುಗಳ ಪತ್ತೆ

ಮನೆಯೊಳಗಿನ ಜಾಲದಲ್ಲಿ ಸದಾ ಚಾಲೂ ಇದ್ದು, ಮನೆಮಂದಿಯ ಫೈಲು, ಫೋಟೊ, ವೀಡಿಯೊ, ಬ್ಯಾಕಪ್‌ಗಳನ್ನು ಒಂದೆಡೆ ಇಟ್ಟುಕೊಂಡು ಉಳಿದ ಕಂಪ್ಯೂಟರ್, ಫೋನ್, ಟಿವಿಗಳಿಗೆ ಬೇಕೆಂದಾಗ ಒದಗಿಸುವ ಯಂತ್ರವೇ ಮನೆಯ ಸರ್ವರ್. ಅಂಗಡಿಯಲ್ಲಿ ಸಿಗುವ ನ್ಯಾಸ್ ಪೆಟ್ಟಿಗೆ, ಬಳಕೆ ನಿಂತ ಹಳೆಯ ಡೆಸ್ಕ್‌ಟಾಪ್, ಅಂಗೈಯಗಲದ ರಾಸ್ಪ್‌ಬೆರಿ ಪೈ, ರೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್, ಇವುಗಳಲ್ಲಿ ಯಾವುದೂ ಈ ಕೆಲಸ ಮಾಡಬಲ್ಲದು. ಇಂಟರ್‌ನೆಟ್ ಇಲ್ಲದಿದ್ದರೂ ಮನೆಯ ಸರ್ವರ್ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಮನೆಯೊಳಗಿನ ಜಾಲ ಮಾತ್ರ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಏಕೆಂದರೆ ಸರ್ವರ್ ಸಿಗದಿದ್ದಾಗ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಅರ್ಧ ದಿನ ಕಳೆದವರು ಅನೇಕರು.

ಸರ್ವರಿನ ಹೆಸರು ಪಟ್ಟಿಯಲ್ಲಿ ಕಾಣದಿರುವುದು, ಕಂಡರೂ ಒತ್ತಿದಾಗ ತೆರೆಯದಿರುವುದು, ಸರಿಯಾದ ಪಾಸ್‌ವರ್ಡನ್ನೂ ಒಪ್ಪದಿರುವುದು, ನಿನ್ನೆಯವರೆಗೆ ಸಿಗುತ್ತಿದ್ದ ಫೋಲ್ಡರ್ ಇಂದು ಮಾಯವಾಗಿರುವುದು, ಇವೆಲ್ಲವನ್ನೂ ಬಳಕೆದಾರರು ‘ಕನೆಕ್ಟ್ ಆಗ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಇವುಗಳ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಕಂಪ್ಯೂಟರ್ ಕಳಿಸಿದ ಕೋರಿಕೆ ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದನ್ನು ಮೊದಲು ಕಂಡುಕೊಂಡರೆ ಉಳಿದ ಕೆಲಸ ಸುಲಭ. ಅದನ್ನು ಬಿಟ್ಟು ಕಂಡ ಕಂಡ ಸೆಟ್ಟಿಂಗುಗಳನ್ನೆಲ್ಲ ತಿರುಗಿಸುತ್ತ ಹೋದರೆ ಮೂಲ ದೋಷದ ಜೊತೆಗೆ ಹೊಸ ದೋಷಗಳೂ ಸೇರಿಕೊಳ್ಳುತ್ತವೆ.

ಹಿನ್ನೆಲೆ

ಮನೆಯ ಸರ್ವರುಗಳು ಫೈಲು ಹಂಚಲು ಹೆಚ್ಚಾಗಿ ಬಳಸುವ ಸಂವಹನ ನಿಯಮಾವಳಿಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದ ಮೊದಲ ಭಾಗದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಇದನ್ನು ರೂಪಿಸಿದರು. ಮುಂದೆ ಮೈಕ್ರೋಸಾಫ್ಟ್ ಇದನ್ನು ಬೆಳೆಸಿ ವಿಂಡೋಸಿನ ಭಾಗವಾಗಿಸಿತು. ವಿಂಡೋಸ್ ಅಲ್ಲದ ಯಂತ್ರಗಳಿಗೂ ಈ ಭಾಷೆ ಬಂದದ್ದು ಆಂಡ್ರೂ ಟ್ರಿಜೆಲ್ ಅವರಿಂದ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅವರು 1991ರ ಕೊನೆಯಲ್ಲಿ, ಜಾಲದ ಮೇಲೆ ಓಡಾಡುವ ಪ್ಯಾಕೆಟ್‌ಗಳನ್ನು ಗಮನಿಸಿಯೇ ನಿಯಮಗಳನ್ನು ಊಹಿಸಿ ಯುನಿಕ್ಸ್‌ಗೆ ಒಂದು ಸರ್ವರ್ ತಂತ್ರಾಂಶ ಬರೆದರು. ಅದೇ ಇಂದಿನ ಸಾಂಬಾ. ಮನೆಯ ನ್ಯಾಸ್ ಪೆಟ್ಟಿಗೆಗಳ ಒಳಗೂ ರಾಸ್ಪ್‌ಬೆರಿ ಪೈ ಸರ್ವರುಗಳ ಒಳಗೂ ಸಾಮಾನ್ಯವಾಗಿ ಕೆಲಸ ಮಾಡುತ್ತಿರುವುದು ಈ ಸಾಂಬಾ. ಆಪಲ್ ಕೂಡ 2013ರ ಮ್ಯಾವೆರಿಕ್ಸ್ ಆವೃತ್ತಿಯಿಂದ ತನ್ನ ಹಳೆಯ ವಿಧಾನದ ಬದಲು ಎಸ್‌ಎಂಬಿಯನ್ನೇ ಮೊದಲ ಆಯ್ಕೆಯಾಗಿ ಒಪ್ಪಿಕೊಂಡಿತು.

2007ರ ಜನವರಿಯಲ್ಲಿ ಬಿಲ್ ಗೇಟ್ಸ್ ‘ವಿಂಡೋಸ್ ಹೋಮ್ ಸರ್ವರ್’ ಎಂಬ ಪ್ರತ್ಯೇಕ ಕಾರ್ಯವ್ಯವಸ್ಥೆಯನ್ನು ಪ್ರಕಟಿಸಿದರು. ಮನೆಯ ಪ್ರತಿ ಕಂಪ್ಯೂಟರಿನಲ್ಲಿಯೂ ‘ಕನೆಕ್ಟರ್’ ತಂತ್ರಾಂಶ ಹಾಕಿದರೆ ಬ್ಯಾಕಪ್ ತಾನಾಗಿ ನಡೆಯುತ್ತಿತ್ತು. ಹತ್ತು ಕಂಪ್ಯೂಟರುಗಳವರೆಗೆ ಜೋಡಿಸಬಹುದಿತ್ತು. ಅದರ 2011ರ ಆವೃತ್ತಿಗೆ ಸಿಗುತ್ತಿದ್ದ ಬೆಂಬಲ 2016ರ ಏಪ್ರಿಲ್‌ನಲ್ಲಿ ನಿಂತಿತು. ವಿಂಡೋಸ್ 7ರೊಂದಿಗೆ ಬಂದ ‘ಹೋಮ್‌ಗ್ರೂಪ್’ ಸೌಲಭ್ಯವನ್ನೂ 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಲಾಯಿತು. ಹಳೆಯ ಸರ್ವರನ್ನು ಹೊಸ ಕಂಪ್ಯೂಟರಿಗೆ ಜೋಡಿಸಲು ಹೊರಟವರಿಗೆ ಈ ವರ್ಷಗಳು ಮುಖ್ಯ. ಯಾವ ಭಾಗವೂ ಕೆಟ್ಟಿರದಿದ್ದರೂ ಎರಡು ಕಾಲದ ಯಂತ್ರಗಳ ನಡುವೆ ಮಾತು ನಿಂತುಹೋಗಿರಬಹುದು.

ಕೋರಿಕೆ ಸಾಗುವ ದಾರಿ

ಬಳಕೆದಾರ ಸರ್ವರಿನ ಫೋಲ್ಡರನ್ನು ಒತ್ತಿದ ಕ್ಷಣದಿಂದ ಅದು ತೆರೆಯುವವರೆಗೆ ಹಲವು ಕೆಲಸಗಳು ಒಂದರ ನಂತರ ಒಂದು ನಡೆಯಬೇಕು. ಎರಡೂ ಯಂತ್ರಗಳು ತಂತಿಯ ಮೂಲಕವೋ ವೈಫೈ ಮೂಲಕವೋ ಒಂದೇ ಜಾಲಕ್ಕೆ ಸೇರಿರಬೇಕು. ಎರಡಕ್ಕೂ ಹೊಂದುವಂಥ ಐಪಿ ವಿಳಾಸ ಇರಬೇಕು. ಸರ್ವರಿನ ಹೆಸರಿನಿಂದ ಅದರ ವಿಳಾಸ ಗೊತ್ತಾಗಬೇಕು. ಆ ವಿಳಾಸದಲ್ಲಿ ಎಸ್‌ಎಂಬಿಗೆ ಮೀಸಲಾದ 445ನೇ ಪೋರ್ಟ್ ತೆರೆದಿರಬೇಕು. ಎರಡೂ ಕಡೆಯವರು ಎಸ್‌ಎಂಬಿಯ ಯಾವ ಆವೃತ್ತಿಯಲ್ಲಿ ಮಾತಾಡುವುದೆಂದು ಒಪ್ಪಬೇಕು. ಬಳಕೆದಾರನ ಹೆಸರು, ಪಾಸ್‌ವರ್ಡ್ ಸರಿಹೊಂದಬೇಕು. ಕೊನೆಗೆ ಆ ಬಳಕೆದಾರನಿಗೆ ಆ ಫೋಲ್ಡರಿನ ಮೇಲೆ ಹಕ್ಕಿರಬೇಕು. ಇಷ್ಟರಲ್ಲಿ ಯಾವುದೊಂದು ತಪ್ಪಿದರೂ ಪರದೆಯ ಮೇಲೆ ಬರುವುದು ಬಹುಮಟ್ಟಿಗೆ ಒಂದೇ ಬಗೆಯ ಸಂದೇಶ.

ಹಾಗಿದ್ದರೂ ಸರ್ವರಿನಿಂದ ಬರುವ ಪ್ರತಿಕ್ರಿಯೆಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ದೋಷಪತ್ತೆಯ ತಿರುಳು ಇರುವುದು ಈ ವಿಂಗಡಣೆಯಲ್ಲೇ. ಮೊದಲನೆಯದು ಮೌನ: ಕಂಪ್ಯೂಟರ್ ಬಹಳ ಹೊತ್ತು ಕಾದು ಕೊನೆಗೆ ಕೈಚೆಲ್ಲುತ್ತದೆ. ಕೋರಿಕೆ ಸರ್ವರನ್ನು ತಲುಪಿಲ್ಲ, ಅಥವಾ ದಾರಿಯಲ್ಲಿರುವ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಎಸೆದಿದೆ ಎಂದರ್ಥ. ಎರಡನೆಯದು ತಕ್ಷಣದ ನಿರಾಕರಣೆ: ಒತ್ತಿದ ಕೂಡಲೇ ‘ಆಗದು’ ಎಂಬ ಉತ್ತರ. ಸರ್ವರ್ ಯಂತ್ರ ಜೀವಂತವಾಗಿದೆ, ಜಾಲವೂ ಸರಿಯಾಗಿದೆ; ಆದರೆ ಕೇಳಿದ ಪೋರ್ಟಿನಲ್ಲಿ ಸೇವೆ ನಡೆಯುತ್ತಿಲ್ಲ. ಮೂರನೆಯದು ಗುರುತಿನ ತಕರಾರು: ಸರ್ವರ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ ಅಥವಾ ಪ್ರವೇಶವಿಲ್ಲ ಎನ್ನುತ್ತದೆ. ಇಲ್ಲಿಗೆ ಬಂದವರು ಕೇಬಲ್, ವೈಫೈ, ರೂಟರ್, ವಿಳಾಸಗಳ ಚಿಂತೆಯನ್ನು ಪೂರ್ತಿ ಬಿಡಬಹುದು, ಅವೆಲ್ಲ ಕೆಲಸ ಮಾಡಿದ್ದರಿಂದಲೇ ಪಾಸ್‌ವರ್ಡ್ ಕೇಳುವ ಹಂತ ಬಂದಿದೆ. ಪಾಸ್‌ವರ್ಡ್ ತಿರಸ್ಕೃತವಾದಾಗ ರೂಟರನ್ನು ಆರಿಸಿ ಹೊತ್ತಿಸುವುದು ವ್ಯರ್ಥ ಶ್ರಮ.

ವಿಂಡೋಸಿನ ದೋಷಸಂಖ್ಯೆಗಳೂ ಇದೇ ವಿಂಗಡಣೆಗೆ ನೆರವಾಗುತ್ತವೆ. 53 ಎಂದರೆ ಜಾಲದಲ್ಲಿ ದಾರಿ ಸಿಗಲಿಲ್ಲ. ಪರದೆಯಲ್ಲಿ ಇದು ಹದಿನಾರರ ಲೆಕ್ಕದಲ್ಲಿ 0x80070035 ಎಂದು ಕಾಣಿಸಿಕೊಳ್ಳುತ್ತದೆ. ಕೊನೆಯ 35 ಎಂಬುದೇ ನಮ್ಮ ಲೆಕ್ಕದ 53. 1326 ಎಂದರೆ ಬಳಕೆದಾರನ ಹೆಸರೋ ಪಾಸ್‌ವರ್ಡೋ ತಪ್ಪು. 5 ಎಂದರೆ ಗುರುತು ಒಪ್ಪಿಗೆಯಾಗಿದೆ, ಹಕ್ಕಿಲ್ಲ. ಸಂದೇಶ ಬಂದ ಕೂಡಲೇ ಮುಚ್ಚಿಬಿಡದೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಇದಕ್ಕಿಂತಲೂ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ: ಮನೆಯ ಇನ್ನೊಂದು ಕಂಪ್ಯೂಟರಿನಿಂದಲೋ ಫೋನಿನಿಂದಲೋ ಅದೇ ಸರ್ವರನ್ನು ತೆರೆದು ನೋಡುವುದು. ಅಲ್ಲಿ ತೆರೆದರೆ ಸರ್ವರಿನ ಬುಡಕ್ಕೆ ಕೈಹಾಕುವ ಅಗತ್ಯ ಬಹುಮಟ್ಟಿಗೆ ಇಲ್ಲ, ದೋಷ ಈ ಕಂಪ್ಯೂಟರಿನಲ್ಲೋ ಅದರ ದಾರಿಯಲ್ಲೋ ಇದೆ. ಎಲ್ಲಿಯೂ ತೆರೆಯದಿದ್ದರೆ ಸರ್ವರ್ ಅಥವಾ ರೂಟರನ್ನು ನೋಡಬೇಕು. ಒಂದು ನಿಮಿಷದ ಈ ಪರೀಕ್ಷೆ ಶಂಕಿತ ಕಾರಣಗಳಲ್ಲಿ ಅರ್ಧವನ್ನು ಅಳಿಸಿಹಾಕುತ್ತದೆ. ಒಮ್ಮೆಗೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಒಂದು ಪರೀಕ್ಷೆ, ಫಲ ಸಿಗದಿದ್ದರೆ ಬದಲಾವಣೆಯನ್ನು ಹಿಂದಿನಂತೆ ಮಾಡುವುದು, ಈ ಶಿಸ್ತು ಎಲ್ಲ ಹಂತಗಳಿಗೂ ಅನ್ವಯಿಸುತ್ತದೆ.

ವಿದ್ಯುತ್, ತಂತಿ, ವೈಫೈ

ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಮನೆಯ ಸರ್ವರ್ ಇಟ್ಟುಕೊಂಡವರಿಗೆ ಮೊದಲ ಶಂಕೆ ಕರೆಂಟಿನ ಮೇಲೆಯೇ ಹೋಗಬೇಕು. ಕರೆಂಟ್ ಹೋಗಿ ಬಂದಾಗ ರೂಟರ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಸರ್ವರಾಗಿ ಬಳಸುತ್ತಿರುವ ಡೆಸ್ಕ್‌ಟಾಪ್ ಗುಂಡಿ ಒತ್ತುವವರೆಗೆ ಆರಿಯೇ ಇರುತ್ತದೆ. ಕರೆಂಟ್ ಮರಳಿದಾಗ ತಾನಾಗಿ ಚಾಲೂ ಆಗುವಂತೆ ಮಾಡುವ ಆಯ್ಕೆ ಅದರ ಬಯಾಸ್ ಸೆಟ್ಟಿಂಗಿನಲ್ಲಿರುತ್ತದೆ. ಅದನ್ನು ಒಮ್ಮೆ ಹೊಂದಿಸಿಟ್ಟರೆ ಸಾಕು. ತಾನಾಗಿ ಚಾಲೂ ಆಗುವ ಸರ್ವರಿನಲ್ಲಿ ಇನ್ನೊಂದು ತೊಡಕು ಬರಬಹುದು. ಅದು ರೂಟರಿಗಿಂತ ಬೇಗ ಸಿದ್ಧವಾಗಿ ವಿಳಾಸ ಕೇಳಿದಾಗ ಕೊಡಲು ರೂಟರ್ ಇನ್ನೂ ಎಚ್ಚರವಾಗಿರುವುದಿಲ್ಲ. ಇಂಥ ಸಂದರ್ಭದಲ್ಲಿ ರೂಟರ್ ಪೂರ್ತಿ ಏಳುವವರೆಗೆ ಕಾದು ಸರ್ವರನ್ನು ಮರುಚಾಲನೆ ಮಾಡಿದರೆ ಸರಿಹೋಗುತ್ತದೆ. ಸರ್ವರ್, ರೂಟರ್ ಮತ್ತು ನಡುವಿನ ಸ್ವಿಚ್ ಮೂರನ್ನೂ ಒಂದೇ ಯುಪಿಎಸ್ಸಿಗೆ ಜೋಡಿಸುವುದು ಶಾಶ್ವತ ಪರಿಹಾರ. ಸರ್ವರಿಗೆ ಮಾತ್ರ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟರೆ ಪ್ರಯೋಜನ ಅರ್ಧ.

ಗುಡುಗು ಸಿಡಿಲಿನ ಮಳೆಯ ಮರುದಿನ ಸಂಪರ್ಕ ತಪ್ಪಿದರೆ ಲ್ಯಾನ್ ಕಿಂಡಿ ಸುಟ್ಟಿರುವ ಸಾಧ್ಯತೆಯನ್ನು ನೋಡಬೇಕು. ಹೊರಗಿನಿಂದ ತಾಮ್ರದ ತಂತಿಯ ಮೇಲೆ ಬಂದ ಹೆಚ್ಚುವರಿ ವೋಲ್ಟೇಜ್ ರೂಟರಿನ ಕಿಂಡಿಗಳನ್ನು ಮಾತ್ರ ಕೊಂದು ಉಳಿದ ಭಾಗವನ್ನು ಹಾಗೆಯೇ ಬಿಡುವುದುಂಟು. ಆಗ ದೀಪಗಳೆಲ್ಲ ಉರಿಯುತ್ತವೆ, ವೈಫೈ ನಡೆಯುತ್ತದೆ, ತಂತಿಯಲ್ಲಿರುವ ಸರ್ವರ್ ಮಾತ್ರ ಸಿಗುವುದಿಲ್ಲ. ಕೇಬಲನ್ನು ಇನ್ನೊಂದು ಕಿಂಡಿಗೆ ಹಾಕಿ, ಕಿಂಡಿಯ ಪಕ್ಕದ ಪುಟ್ಟ ದೀಪ ಮಿನುಗುತ್ತದೆಯೇ ನೋಡಿದರೆ ಗೊತ್ತಾಗುತ್ತದೆ.

ಕೇಬಲ್ ಅರ್ಧ ಕೆಟ್ಟಿರುವುದೂ ಉಂಟು. ಅದರೊಳಗೆ ಎಂಟು ಎಳೆಗಳು, ನಾಲ್ಕು ಜೋಡಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಇಲಿ ಕಡಿದೋ ಬಾಗಿಲ ಸಂದಿಗೆ ಸಿಕ್ಕಿಯೋ ಒಂದು ಜೋಡಿ ತುಂಡಾದರೆ ಸಂಪರ್ಕ ನಿಲ್ಲದೆ ನಿಧಾನವಾಗಬಹುದು, ಅಥವಾ ಬಿಟ್ಟು ಬಿಟ್ಟು ಬರಬಹುದು. ಜಾಲದ ವಿವರದಲ್ಲಿ 1000 ಇರಬೇಕಾದ ಕಡೆ 100 ಎಂದು ಕಂಡರೆ ಕೇಬಲ್ ಬದಲಿಸಿ ನೋಡುವುದು ಜಾಣತನ.

ವೈಫೈಯಲ್ಲಿ ಗಮನಿಸಬೇಕಾದದ್ದು ಅತಿಥಿ ಜಾಲ. ಬಂದವರಿಗೆ ಇಂಟರ್‌ನೆಟ್ ಕೊಡಲೆಂದು ರೂಟರಿನಲ್ಲಿ ಪ್ರತ್ಯೇಕ ಹೆಸರಿನ ವೈಫೈ ಇರುತ್ತದೆ. ಅದಕ್ಕೆ ಸೇರಿದ ಸಾಧನಗಳಿಗೆ ಮನೆಯ ಉಳಿದ ಯಂತ್ರಗಳು ಕಾಣಬಾರದೆಂದೇ ಅದರ ರಚನೆ. ಲ್ಯಾಪ್‌ಟಾಪ್ ಎಂದೋ ಒಮ್ಮೆ ಆ ಹೆಸರಿಗೆ ಸೇರಿ ಅದನ್ನೇ ನೆನಪಿಟ್ಟುಕೊಂಡಿದ್ದರೆ ಇಂಟರ್‌ನೆಟ್ ಸೊಗಸಾಗಿ ನಡೆಯುತ್ತದೆ, ಸರ್ವರ್ ಮಾತ್ರ ಇಲ್ಲವೇ ಇಲ್ಲ.

ವಿಳಾಸ

ಮನೆಯೊಳಗಿನ ವಿಳಾಸಗಳು ಸಾಮಾನ್ಯವಾಗಿ 192.168 ಅಥವಾ 10ರಿಂದ ಆರಂಭವಾಗುತ್ತವೆ. ಖಾಸಗಿ ಜಾಲಗಳಿಗೆಂದು 1996ರಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಇವನ್ನು ಮೀಸಲಿಡಲಾಯಿತು. ಪ್ರತಿ ಯಂತ್ರಕ್ಕೂ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಕೆಲಸವನ್ನು ಮನೆಗಳಲ್ಲಿ ರೂಟರೇ ಮಾಡುತ್ತದೆ. ವಿಂಡೋಸಿನಲ್ಲಿ ‘ಐಪಿಕಾನ್ಫಿಗ್’ ಆದೇಶ ಕೊಟ್ಟರೆ ಕಂಪ್ಯೂಟರಿಗೆ ಸಿಕ್ಕ ವಿಳಾಸ ಕಾಣುತ್ತದೆ. ಅದು 169.254ರಿಂದ ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಬಂದಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಹಾಗಾದಾಗ ಸರ್ವರಿನ ಕಡೆ ನೋಡುವುದನ್ನು ಬಿಟ್ಟು ಕೇಬಲ್, ವೈಫೈ, ರೂಟರುಗಳ ಕಡೆಗೇ ಮರಳಬೇಕು.

ಭಾರತದ ಮನೆಗಳಲ್ಲಿ ಎದುರಾಗುವ ತೊಡಕುಗಳಲ್ಲಿ ವಿವರವಾಗಿ ಹೇಳಬೇಕಾದದ್ದು ಎರಡು ರೂಟರುಗಳದು. ಫೈಬರ್ ಸಂಪರ್ಕ ಕೊಡುವ ಕಂಪನಿ ಗೋಡೆಗೆ ಹಾಕುವ ಪೆಟ್ಟಿಗೆಯೇ ಸಾಮಾನ್ಯವಾಗಿ ರೂಟರೂ ಆಗಿರುತ್ತದೆ. ಅದಕ್ಕೆ ತನ್ನದೇ ವೈಫೈ ಇರುತ್ತದೆ. ಒಳಕೋಣೆಗೆ ಸಿಗ್ನಲ್ ಸಾಲದೆಂದು ಮನೆಯವರು ಇನ್ನೊಂದು ರೂಟರ್ ಕೊಂಡು ಅದಕ್ಕೆ ಜೋಡಿಸುತ್ತಾರೆ. ಈಗ ಮನೆಯಲ್ಲಿ ಎರಡು ಜಾಲಗಳಿವೆ: ಕಂಪನಿಯ ಪೆಟ್ಟಿಗೆಯದು ಹೊರಜಾಲ, ಕೊಂಡು ತಂದ ರೂಟರಿನದು ಒಳಜಾಲ. ಸರ್ವರ್ ಒಳಜಾಲದಲ್ಲಿದ್ದು ಲ್ಯಾಪ್‌ಟಾಪ್ ಹೊರಜಾಲದ ವೈಫೈ ಹಿಡಿದಿದ್ದರೆ ಅದರ ಕೋರಿಕೆಯನ್ನು ಎರಡನೆಯ ರೂಟರ್ ಹೊರಗಿನವರ ಕೋರಿಕೆಯೆಂದೇ ಬಗೆದು ತಡೆಯುತ್ತದೆ. ಇದು ತಿರುವುಮುರುವಾದರೆ, ಅಂದರೆ ಸರ್ವರ್ ಹೊರಜಾಲದಲ್ಲಿ, ಲ್ಯಾಪ್‌ಟಾಪ್ ಒಳಜಾಲದಲ್ಲಿ ಇದ್ದರೆ, ವಿಳಾಸವನ್ನು ಅಂಕಿಗಳಲ್ಲಿ ಹೊಡೆದಾಗ ಸರ್ವರ್ ಸಾಮಾನ್ಯವಾಗಿ ತೆರೆಯುತ್ತದೆ, ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಒಂದೇ ಲ್ಯಾಪ್‌ಟಾಪ್ ಹಜಾರದಲ್ಲಿ ಒಂದು ಬಗೆ, ಮಹಡಿಯ ಮೇಲೆ ಇನ್ನೊಂದು ಬಗೆ ವರ್ತಿಸುವುದರ ಹಿಂದೆ ಇರುವುದು ಬಹಳಷ್ಟು ಸಲ ಇದೇ. ಎರಡೂ ರೂಟರುಗಳು 192.168.1 ಎಂಬ ಒಂದೇ ಸರಣಿಯನ್ನು ಹಂಚುತ್ತಿದ್ದರೆ ಗೊಂದಲ ಇನ್ನೂ ಹೆಚ್ಚು. ಕೊಂಡು ತಂದ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಿದರೆ ಅದು ವಿಳಾಸ ಹಂಚುವುದನ್ನು ಬಿಟ್ಟು ಸಿಗ್ನಲನ್ನು ಮಾತ್ರ ಹರಡುತ್ತದೆ, ಮನೆಯೆಲ್ಲ ಒಂದೇ ಜಾಲವಾಗುತ್ತದೆ. ಈ ಒಂದು ಬದಲಾವಣೆಯಿಂದ ಸರ್ವರ್ ಅಷ್ಟೇ ಅಲ್ಲ, ಪ್ರಿಂಟರ್, ಟಿವಿಗಳ ತಕರಾರುಗಳೂ ಕಡಿಮೆಯಾಗುತ್ತವೆ.

ಸರ್ವರಿನ ವಿಳಾಸ ದಿನಕ್ಕೊಂದಾಗಬಾರದು. ನಿನ್ನೆ 192.168.1.20 ಆಗಿದ್ದದ್ದು ರೂಟರ್ ಮರುಚಾಲನೆಯ ನಂತರ 192.168.1.23 ಆಗಿದ್ದರೆ, ಹಳೆಯ ಅಂಕಿಯಿಂದ ಮಾಡಿಟ್ಟ ಶಾರ್ಟ್‌ಕಟ್ಟುಗಳೆಲ್ಲ ಕೆಲಸ ನಿಲ್ಲಿಸುತ್ತವೆ. ಇಂಥ ಯಂತ್ರಕ್ಕೆ ಇಂಥದೇ ವಿಳಾಸ ಎಂದು ರೂಟರಿನಲ್ಲಿ ಕಾಯ್ದಿರಿಸುವುದು ಉತ್ತಮ. ಸರ್ವರಿನಲ್ಲೇ ವಿಳಾಸವನ್ನು ಕೈಯಾರೆ ನಮೂದಿಸುವವರು, ರೂಟರ್ ಹಂಚುವ ಸರಣಿಯಿಂದ ಹೊರಗಿನ ಅಂಕಿಯನ್ನೇ ಆರಿಸಬೇಕು. ಇಲ್ಲವಾದರೆ ರೂಟರ್ ಅದೇ ಅಂಕಿಯನ್ನು ಒಂದು ದಿನ ಯಾರದೋ ಫೋನಿಗೆ ಕೊಟ್ಟುಬಿಡುತ್ತದೆ. ಆಗ ಆ ಫೋನ್ ಮನೆಯಲ್ಲಿದ್ದಾಗ ಮಾತ್ರ ಸರ್ವರ್ ಸಿಗದಂಥ ವಿಚಿತ್ರ ದೋಷ ಕಾಣಿಸಿಕೊಳ್ಳುತ್ತದೆ.

ದಾರಿ ತೆರೆದಿದೆಯೇ ಎಂದು ನೋಡುವ ‘ಪಿಂಗ್’ ಆದೇಶವನ್ನು 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಮೈಕ್ ಮೂಸ್ ಬರೆದರು. ಪಿಂಗ್‌ಗೆ ಉತ್ತರ ಬಂದರೆ ಸರ್ವರ್ ಬದುಕಿದೆ ಎಂಬುದು ಖಚಿತ. ಉತ್ತರ ಬಾರದಿದ್ದರೆ ಸತ್ತಿದೆ ಎನ್ನಲಾಗದು, ಏಕೆಂದರೆ ವಿಂಡೋಸಿನ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದಿರುವುದು ಸಾಮಾನ್ಯ. ಪಿಂಗ್ ಕಳಿಸಿದ ಕೂಡಲೇ ‘ಆರ್ಪ್’ ಆದೇಶದಿಂದ ಪಟ್ಟಿಯನ್ನು ನೋಡುವುದು ಅನುಭವಸ್ಥರ ಕ್ರಮ. ಸರ್ವರಿನ ಐಪಿ ವಿಳಾಸದ ಎದುರು ಅದರ ಜಾಲಕಾರ್ಡಿನ ವಿಳಾಸ ಹೊಸದಾಗಿ ಮೂಡಿದ್ದರೆ ಆ ಯಂತ್ರ ಎಚ್ಚರವಾಗಿದೆ, ಒಂದೇ ಜಾಲದಲ್ಲಿದೆ, ಫೈರ್‌ವಾಲ್ ಮಾತ್ರ ಅಡ್ಡವಿದೆ.

ಹೆಸರು

ಸರ್ವರನ್ನು ಹೆಸರಿನಿಂದಲೂ ಅಂಕಿಯಿಂದಲೂ ತೆರೆದು ನೋಡಬೇಕು. ವಿಂಡೋಸಿನ ವಿಳಾಸಪಟ್ಟಿಯಲ್ಲಿ \\192.168.1.20 ಎಂದು ಹೊಡೆದಾಗ ತೆರೆದು, ಹೆಸರು ಹೊಡೆದಾಗ ತೆರೆಯದಿದ್ದರೆ ದೋಷ ಹೆಸರಿನ ಹುಡುಕಾಟದಲ್ಲಿದೆ. ಮನೆಗಳಲ್ಲಿ ಹೆಸರು ಹುಡುಕುವ ವಿಧಾನ ಒಂದಲ್ಲ. ಹಳೆಯ ನೆಟ್‌ಬಯಾಸ್, ಆಪಲ್ ಬಳಕೆಗೆ ತಂದ ‘.ಲೋಕಲ್’ ಎಂದು ಕೊನೆಗೊಳ್ಳುವ ಹೆಸರುಗಳ ವಿಧಾನ, ರೂಟರಿನ ಡಿಎನ್‌ಎಸ್ ಮುಂತಾದವು ಅಕ್ಕಪಕ್ಕದಲ್ಲೇ ನಡೆಯುತ್ತಿರುತ್ತವೆ. ಇಂಟರ್‌ನೆಟ್ ಚುರುಕಾಗಲೆಂದು ಕಂಪ್ಯೂಟರಿನಲ್ಲಿ 8.8.8.8ರಂಥ ಹೊರಗಿನ ಡಿಎನ್‌ಎಸ್ ನಮೂದಿಸಿಕೊಂಡವರಿಗೆ ರೂಟರಿನಲ್ಲಿ ಬರೆದಿಟ್ಟ ಸರ್ವರಿನ ಹೆಸರು ಸಿಗುವುದಿಲ್ಲ. ಮನೆಯೊಳಗಿನ ಹೆಸರು ಹೊರಗಿನ ಡಿಎನ್‌ಎಸ್‌ಗೆ ತಿಳಿದಿರಲು ಸಾಧ್ಯವೇ ಇಲ್ಲ.

‘ನೆಟ್‌ವರ್ಕ್’ ಪಟ್ಟಿ ಖಾಲಿ ಕಾಣುವುದು ಸಂಪರ್ಕವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಈ ತಪ್ಪು ತಿಳಿವಳಿಕೆ ಬಹಳ ಜನರನ್ನು ದಾರಿ ತಪ್ಪಿಸಿದೆ. ಹಿಂದೆ ಆ ಪಟ್ಟಿಯನ್ನು ತುಂಬುತ್ತಿದ್ದ ಸೇವೆ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ನೆಚ್ಚಿಕೊಂಡಿತ್ತು. ಆ ಆವೃತ್ತಿ ಹೋದಾಗ ಪಟ್ಟಿಯೂ ಬರಿದಾಯಿತು. ಈಗ ವಿಂಡೋಸ್ ಡಬ್ಲ್ಯುಎಸ್-ಡಿಸ್ಕವರಿ ಎಂಬ ಬೇರೆ ವಿಧಾನದಿಂದ ಯಂತ್ರಗಳನ್ನು ಹುಡುಕುತ್ತದೆ. ಸಾಂಬಾ ತಾನಾಗಿ ಅದಕ್ಕೆ ಉತ್ತರಿಸುವುದಿಲ್ಲ, ಜೊತೆಗೊಂದು ಸಹಾಯಕ ತಂತ್ರಾಂಶ ಬೇಕು. ಆದ್ದರಿಂದ ಲಿನಕ್ಸ್ ಸರ್ವರ್ ಪಟ್ಟಿಯಲ್ಲಿ ಕಾಣದೆ, ಹೆಸರು ಹೊಡೆದರೆ ತೆರೆಯುವುದು ಸಹಜ. ಒಮ್ಮೆ ತೆರೆದ ಫೋಲ್ಡರಿಗೆ ಡ್ರೈವ್ ಅಕ್ಷರ ಕೊಟ್ಟು ಕಾಯಂ ಮಾಡಿಕೊಂಡರೆ ಪಟ್ಟಿಯ ಹಂಗೇ ಇರದು.

ಫೋನು, ಮ್ಯಾಕ್ ಬಳಸುವವರಿಗೆ ಇನ್ನೊಂದು ಅಡೆತಡೆ ಇದೆ. 2020ರ ಐಒಎಸ್ 14ರಿಂದ ಪ್ರತಿ ಆ್ಯಪ್ ಸ್ಥಳೀಯ ಜಾಲವನ್ನು ಮುಟ್ಟಲು ಅನುಮತಿ ಕೇಳುತ್ತದೆ. 2024ರ ಮ್ಯಾಕ್‌ಒಎಸ್ ಸೆಕ್ವೋಯಾದಲ್ಲಿಯೂ ಅದು ಬಂತು. ಅವಸರದಲ್ಲಿ ‘ಬೇಡ’ ಎಂದು ಒತ್ತಿದವರ ಆ್ಯಪ್‌ಗೆ ಮುಂದೆ ಸರ್ವರ್ ಕಾಣುವುದೇ ಇಲ್ಲ. ಗೋಪ್ಯತೆಯ ಸೆಟ್ಟಿಂಗಿಗೆ ಹೋಗಿ ಅನುಮತಿ ಕೊಡಬೇಕು.

ಫೈರ್‌ವಾಲ್

ಹೊಸ ಜಾಲಕ್ಕೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ಗುರುತಿಸುತ್ತದೆ. ಪಬ್ಲಿಕ್ ಎಂದರೆ ಹೋಟೆಲು, ರೈಲ್ವೆ ನಿಲ್ದಾಣಗಳಂಥ ಅಪರಿಚಿತ ಜಾಗ; ಅಲ್ಲಿ ಫೈಲು ಹಂಚಿಕೆ ಮುಚ್ಚಿರುತ್ತದೆ. ರೂಟರ್ ಬದಲಿಸಿದರೆ ವಿಂಡೋಸ್ ಅದನ್ನು ಹೊಸ ಜಾಲವೆಂದೇ ಬಗೆಯುವುದರಿಂದ, ವಿಂಡೋಸ್ ಯಂತ್ರವನ್ನು ಸರ್ವರಾಗಿ ಬಳಸುವವರು ಆಗ ಈ ಸೆಟ್ಟಿಂಗನ್ನು ಮತ್ತೆ ಪ್ರೈವೇಟಿಗೆ ಬದಲಿಸಬೇಕಾದೀತು. ಪೋರ್ಟ್ ತೆರೆದಿದೆಯೇ ಎಂಬುದನ್ನು ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶದಿಂದ, 445 ಎಂಬ ಪೋರ್ಟ್ ಸಂಖ್ಯೆಯನ್ನು ಸೇರಿಸಿ, ನೇರವಾಗಿ ಪರೀಕ್ಷಿಸಬಹುದು.

ಫೈರ್‌ವಾಲನ್ನು ಪೂರ್ತಿ ಆರಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು. ಪರೀಕ್ಷೆಗೆಂದು ಒಂದೆರಡು ನಿಮಿಷ ಆರಿಸಿ, ಸರ್ವರ್ ತೆರೆದರೆ ಕಾರಣ ತಿಳಿಯಿತೆಂದುಕೊಂಡು ಮತ್ತೆ ಹೊತ್ತಿಸಿ, ಫೈಲು ಹಂಚಿಕೆಗೆ ಮಾತ್ರ ಅವಕಾಶ ಕೊಡುವ ನಿಯಮ ಸೇರಿಸುವುದು ಸರಿಯಾದ ಕ್ರಮ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರಬಹುದು ಎಂಬುದನ್ನು ಮರೆಯಬಾರದು.

ಗುರುತು, ಹಕ್ಕು ಮತ್ತು ಎಸ್‌ಎಂಬಿ ಆವೃತ್ತಿಗಳು

2017ರ ಮೇ 12ರಂದು ‘ವಾನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿ ನಿಂತವು. ಅದು ನುಗ್ಗಿದ ದಾರಿ ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಬಿರುಕು. ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಬಲಿಯಾದರು. ಆ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಈ ಹಳೆಯ ವಿಧಾನವನ್ನು ಕೈಬಿಡುವ ಕೆಲಸ ಶುರುವಾಯಿತು. ಕೆಲವು ಆವೃತ್ತಿಗಳಲ್ಲಿ ಬಳಸದೆ ಬಿಟ್ಟರೆ ಅದು ತಾನಾಗಿ ತೆಗೆದುಹಾಕಲ್ಪಡುತ್ತದೆ. ಹಳೆಯ ನ್ಯಾಸ್ ಪೆಟ್ಟಿಗೆಗೂ ಮೊದಲ ಆವೃತ್ತಿಯೊಂದನ್ನೇ ಬಲ್ಲ ರೂಟರಿನ ಯುಎಸ್‌ಬಿ ಹಂಚಿಕೆಗೂ ಹೊಸ ಲ್ಯಾಪ್‌ಟಾಪ್ ಜೋಡಿಕೊಳ್ಳದಿರುವುದಕ್ಕೆ ಕಾರಣ ಇದು. ಎಸ್‌ಎಂಬಿ 1ನ್ನು ಮತ್ತೆ ಚಾಲೂ ಮಾಡುವ ಆಯ್ಕೆ ವಿಂಡೋಸಿನಲ್ಲಿ ಈಗಲೂ ಉಂಟು. ಹಾಗೆ ಮಾಡುವ ಮೊದಲು ಸರ್ವರಿನ ಫರ್ಮ್‌ವೇರ್ ನವೀಕರಿಸಿ, ಅದರ ಸೆಟ್ಟಿಂಗಿನಲ್ಲಿ ಎರಡನೆಯ ಅಥವಾ ಮೂರನೆಯ ಆವೃತ್ತಿ ಇದೆಯೇ ನೋಡಬೇಕು. ಎರಡೂ ಇಲ್ಲವಾದರೆ ಫೈಲುಗಳನ್ನು ಹೊರತೆಗೆದು ಆ ಪೆಟ್ಟಿಗೆಗೆ ನಿವೃತ್ತಿ ಕೊಡುವುದೇ ಲೇಸು. ಮನೆಯ ಫೋಟೊಗಳನ್ನು ಕಾಯುವ ಯಂತ್ರದಲ್ಲಿ ತಿಳಿದೂ ತಿಳಿದೂ ಬಿರುಕು ಉಳಿಸಿಕೊಳ್ಳಬಾರದು.

ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ತೆರೆದಿಟ್ಟ ‘ಅತಿಥಿ’ ಫೋಲ್ಡರುಗಳಿಗೂ ಹೀಗೆಯೇ ಕಾಲ ಮುಗಿಯುತ್ತಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಬಗೆಯಲ್ಲಿ ಅತಿಥಿ ಪ್ರವೇಶ ಮುಚ್ಚಿರುತ್ತದೆ, ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕಾಗುತ್ತದೆ. ‘ನಿಮ್ಮ ಸಂಸ್ಥೆಯ ಸುರಕ್ಷತಾ ನೀತಿ ತಡೆದಿದೆ’ ಎಂಬರ್ಥದ ಸಂದೇಶವನ್ನು ಮನೆಯ ಕಂಪ್ಯೂಟರಿನಲ್ಲಿ ಕಂಡವರು ಗಾಬರಿಯಾಗುತ್ತಾರೆ. ಅದರ ಒಳಾರ್ಥ ಇಷ್ಟೇ: ಸರ್ವರಿನಲ್ಲಿ ನಿಮ್ಮ ಹೆಸರಿನ ಖಾತೆ ತೆರೆದು ಪಾಸ್‌ವರ್ಡ್ ಇಡಿ.

ಪಾಸ್‌ವರ್ಡಿನ ತಕರಾರುಗಳಲ್ಲಿ ಕೆಲವು ಮತ್ತೆ ಮತ್ತೆ ಬರುತ್ತವೆ. ಲ್ಯಾಪ್‌ಟಾಪ್ ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ಜಾಲದ ಮೇಲೆ ನಡೆಯದು. ವಿಂಡೋಸ್ ಯಂತ್ರವೇ ಸರ್ವರಾಗಿದ್ದು ಅದರ ಖಾತೆಗೆ ಪಾಸ್‌ವರ್ಡೇ ಇಲ್ಲದಿದ್ದರೆ ಜಾಲದಿಂದ ಪ್ರವೇಶ ಸಿಗುವುದಿಲ್ಲ. ಖಾಲಿ ಪಾಸ್‌ವರ್ಡ್ ಎದುರಿಗೆ ಕೂತವರಿಗೆ ಮಾತ್ರ ಎಂಬುದು ವಿಂಡೋಸಿನ ನಿಯಮ. ಲಿನಕ್ಸ್ ಸರ್ವರಿನಲ್ಲಿ ಖಾತೆ ತೆರೆದರಷ್ಟೇ ಸಾಲದು, ಸಾಂಬಾಕ್ಕೆಂದು ಪ್ರತ್ಯೇಕವಾಗಿ ಪಾಸ್‌ವರ್ಡ್ ನಮೂದಿಸಬೇಕು. ಸರ್ವರಿನಲ್ಲಿ ಪಾಸ್‌ವರ್ಡ್ ಬದಲಿಸಿದ ನಂತರವೂ ವಿಂಡೋಸ್ ತನ್ನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಉಳಿಸಿಕೊಂಡ ಹಳೆಯದನ್ನೇ ಕೇಳದೆ ಕಳಿಸುತ್ತಿರಬಹುದು. ಅದನ್ನು ಅಳಿಸಿದರೆ ಹೊಸದನ್ನು ಕೇಳುತ್ತದೆ.

ದೋಷಸಂಖ್ಯೆ 1219 ವಿಶೇಷವಾದದ್ದು. ಒಂದು ಸರ್ವರಿಗೆ ಒಂದೇ ಹೊತ್ತಿಗೆ ಎರಡು ಬೇರೆ ಹೆಸರುಗಳಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ಫೋಟೊಗಳ ಫೋಲ್ಡರನ್ನು ಮಗಳ ಹೆಸರಿನಲ್ಲಿ ತೆರೆದಿಟ್ಟು, ಲೆಕ್ಕಪತ್ರದ ಫೋಲ್ಡರನ್ನು ತಂದೆಯ ಹೆಸರಿನಲ್ಲಿ ತೆರೆಯಲು ಹೋದರೆ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ಮುಚ್ಚಿರುತ್ತದೆ. ‘ನೆಟ್ ಯೂಸ್’ ಆದೇಶದಿಂದ ಹಳೆಯ ಸಂಪರ್ಕಗಳನ್ನು ಕಡಿದು ಮತ್ತೆ ಪ್ರಯತ್ನಿಸಬೇಕು.

ಗುರುತು ಒಪ್ಪಿಗೆಯಾದ ಮೇಲೂ ಫೋಲ್ಡರ್ ತೆರೆಯದಿದ್ದರೆ ಹಕ್ಕಿನ ಪ್ರಶ್ನೆ. ವಿಂಡೋಸಿನಲ್ಲಿ ಹಂಚಿಕೆಯ ಹಕ್ಕು, ಡಿಸ್ಕಿನ ಮೇಲಿನ ಫೈಲುಗಳ ಹಕ್ಕು ಎಂದು ಎರಡು ಪದರಗಳಿವೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಓದಲು ಬರುತ್ತದೆ, ಬರೆಯಲು ಬರುವುದಿಲ್ಲ ಎನ್ನುವವರು ಎರಡನ್ನೂ ನೋಡಬೇಕು.

ವಿಪಿಎನ್ ಮತ್ತು ಮನೆಯ ಹೊರಗಿನ ದಾರಿ

ಬೆಂಗಳೂರಿನಂಥ ಊರಿನಲ್ಲಿ ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ, ವಿಪಿಎನ್ ಚಾಲೂ ಇದೆಯೇ ಎಂಬುದು. ಕಚೇರಿಯ ವಿಪಿಎನ್ ಲ್ಯಾಪ್‌ಟಾಪಿನ ಎಲ್ಲ ಸಂಚಾರವನ್ನೂ ಕಚೇರಿಯ ಕಡೆ ತಿರುಗಿಸುವಂತೆ ಹೊಂದಿಸಿದ್ದರೆ, ಪಕ್ಕದ ಕೋಣೆಯ ಸರ್ವರಿಗೆ ಬರೆದ ಕೋರಿಕೆಯೂ ಅಲ್ಲಿಗೇ ಹೋಗಿ ಕಳೆದುಹೋಗುತ್ತದೆ. ಕಚೇರಿಯ ಜಾಲವೂ ಮನೆಯ ಜಾಲವೂ 192.168.1 ಸರಣಿಯನ್ನೇ ಬಳಸಿದರೆ ತಿಕ್ಕಾಟ ತಪ್ಪದು. ವಿಪಿಎನ್ ಕಡಿದು ಪರೀಕ್ಷಿಸಿದರೆ ಕಾರಣ ಸ್ಪಷ್ಟವಾಗುತ್ತದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಈ ಸೆಟ್ಟಿಂಗನ್ನು ಬದಲಿಸುವ ಅಧಿಕಾರ ಬಳಕೆದಾರನಿಗೆ ಇರುವುದಿಲ್ಲ. ಮನೆಯ ಸರ್ವರಿಗೆ ಮನೆಯ ಕಂಪ್ಯೂಟರನ್ನೇ ಬಳಸುವುದು ಲೇಸು.

ಊರಿಗೆ ಹೋದಾಗಲೋ ವಿದೇಶದಿಂದಲೋ ಮನೆಯ ಸರ್ವರನ್ನು ತಲುಪಬೇಕೆಂದರೆ ತೊಡಕು ಬೇರೆ ಬಗೆಯದು. ಐಪಿವಿ4 ವಿಳಾಸಗಳ ಕೊರತೆಯಿಂದ ಭಾರತದ ಇಂಟರ್‌ನೆಟ್ ಕಂಪನಿಗಳು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸರಣಿಯನ್ನು ಮೀಸಲಿಡಲಾಯಿತು. ರೂಟರಿನ ಹೊರಬದಿಯ ವಿಳಾಸ ಈ ಸರಣಿಯದಾಗಿದ್ದರೆ ರೂಟರಿನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಹೊರಗಿನ ಕೋರಿಕೆ ಮನೆಗೆ ಬಾರದು. ಬರುವಂತಿದ್ದರೂ 445ನೇ ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡಬಾರದು. 2021ರಲ್ಲಿ ‘ಕ್ಯೂಲಾಕರ್’, 2022ರಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶಗಳು ಇಂಟರ್‌ನೆಟ್ಟಿಗೆ ಒಡ್ಡಿಕೊಂಡಿದ್ದ ಮನೆಯ ನ್ಯಾಸ್ ಪೆಟ್ಟಿಗೆಗಳನ್ನೇ ಹುಡುಕಿ ಫೈಲುಗಳಿಗೆ ಬೀಗ ಹಾಕಿದವು. ವೈರ್‌ಗಾರ್ಡ್ ತಂತ್ರವನ್ನು ಆಧರಿಸಿದ ಟೇಲ್‌ಸ್ಕೇಲ್‌ನಂಥ ಖಾಸಗಿ ವಿಪಿಎನ್ ಸೇವೆಗಳು ಒಳಗಿನಿಂದಲೇ ಹೊರಕ್ಕೆ ಸಂಪರ್ಕ ತೆರೆಯುವುದರಿಂದ ಇಂಥ ಹಂಚಿಕೊಂಡ ವಿಳಾಸದ ಹಿಂದೆಯೂ ಕೆಲಸ ಮಾಡುತ್ತವೆ.

ಸರ್ವರಿನ ಒಳಗೆ

ಯಾವ ಸಾಧನದಿಂದಲೂ ಸರ್ವರ್ ತೆರೆಯದೆ, ಪಿಂಗ್‌ಗೆ ಮಾತ್ರ ಉತ್ತರ ಬರುತ್ತಿದ್ದರೆ ಅದರ ಸೇವೆ ನಿಂತಿರಬಹುದು. ಬ್ರೌಸರಿನಲ್ಲಿ ನ್ಯಾಸ್ ಪೆಟ್ಟಿಗೆಯ ಆಡಳಿತ ಪುಟವನ್ನು ತೆರೆದು ನೋಡಬೇಕು. ಡಿಸ್ಕ್ ತುಂಬಿಹೋಗಿರುವುದು, ಮರುಚಾಲನೆಯ ನಂತರ ಯುಎಸ್‌ಬಿ ಡಿಸ್ಕ್ ಜೋಡಣೆಯಾಗದಿರುವುದು, ನಿದ್ರೆಗೆ ಜಾರಿದ ಡಿಸ್ಕ್ ಏಳಲು ತೆಗೆದುಕೊಳ್ಳುವ ಕೆಲವು ಸೆಕೆಂಡುಗಳಲ್ಲಿ ಮೊದಲ ಪ್ರಯತ್ನ ವಿಫಲವಾಗುವುದು ಇಲ್ಲಿ ಕಾಣಸಿಗುವ ಕಾರಣಗಳು. ಹಳೆಯ ಡೆಸ್ಕ್‌ಟಾಪಿನಲ್ಲಿ ಗುಂಡಿಯಾಕಾರದ ಸಿಆರ್2032 ಬ್ಯಾಟರಿ ತೀರಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಕರೆಂಟ್ ಮರಳಿದಾಗ ತಾನಾಗಿ ಚಾಲೂ ಆಗಲೆಂದು ಹೊಂದಿಸಿಟ್ಟ ಬಯಾಸ್ ಆಯ್ಕೆಯೂ ಅನೇಕ ಮದರ್‌ಬೋರ್ಡುಗಳಲ್ಲಿ ಅಳಿಸಿಹೋಗುತ್ತದೆ.

ಸರ್ವರ್ ಒಮ್ಮೆ ಸಿಕ್ಕು ಒಮ್ಮೆ ತಪ್ಪುತ್ತಿದ್ದು, ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ, ಅಥವಾ ಆಡಳಿತ ಪುಟ ಡಿಸ್ಕಿನ ಆರೋಗ್ಯದ ಬಗ್ಗೆ ಎಚ್ಚರಿಸುತ್ತಿದ್ದರೆ ಸಂಪರ್ಕದ ದೋಷಪತ್ತೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಪದೇ ಪದೇ ಮರುಚಾಲನೆ ಮಾಡಬಾರದು. ಸಂಪರ್ಕ ಸಿಕ್ಕ ಮುಂದಿನ ಅವಕಾಶದಲ್ಲೇ, ಬೇರೆಲ್ಲೂ ಪ್ರತಿ ಇಲ್ಲದ ಫೈಲುಗಳನ್ನು ಮೊದಲು ಆರಿಸಿ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು.